ಎತ್ತಬೇಡಿ, ಏಳಲು ಬಿಡಿ

"ಇವತ್ತು ಸ್ವಲ್ಪ ಎಬ್ಬಿಸಿ ನಡೆಸಿ."

ಬೆಳಗಿನ ರೌಂಡ್ಸಿಗೆ ಬಂದ ವೈದ್ಯರು ಇಷ್ಟು ಹೇಳಿ ಪಕ್ಕದ ಮಂಚಕ್ಕೆ ಹೋಗುತ್ತಾರೆ. ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಯಿರಲಿ, ಸೊರಬದ್ದಿರಲಿ, ಅಲ್ಲಿಂದ ಕಳಿಸಿಕೊಟ್ಟ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿರಲಿ, ಆ ಮಾತಿನ ನಂತರದ ಕೆಲಸವೆಲ್ಲ ರೋಗಿಯ ಜೊತೆಗಿರುವವರದ್ದೇ. ವಾರ್ಡಿನ ಸಿಸ್ಟರ್‌ಗೆ ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್ ಎಂದು ನೂರೆಂಟು ಕೆಲಸ; ಒಂದೊಂದು ಮಂಚದ ಬಳಿ ಅರ್ಧ ಗಂಟೆ ನಿಲ್ಲಲು ಅವರಿಗೆ ಬಿಡುವಿಲ್ಲ. ಆಗ ಸಾಮಾನ್ಯವಾಗಿ ಏನಾಗುತ್ತದೆ? ಮಗ ಒಂದು ಕಂಕುಳಿಗೆ, ಅಳಿಯ ಇನ್ನೊಂದು ಕಂಕುಳಿಗೆ ಕೈಹಾಕಿ ಅಡಿಕೆ ಮೂಟೆ ಎತ್ತಿದ ಹಾಗೆ ಒಮ್ಮೆಗೇ ಎತ್ತುತ್ತಾರೆ. ರೋಗಿಯ ಮೈ ಹಿಂದಕ್ಕೆ ವಾಲುತ್ತದೆ, ಕಾಲು ಮುಂದಕ್ಕೆ ಜಾರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮೂವರೂ ಹೆದರುತ್ತಾರೆ. "ಇನ್ನೂ ಶಕ್ತಿ ಬಂದಿಲ್ಲ, ನಾಳೆ ನೋಡೋಣ" ಎಂದು ಮತ್ತೆ ಮಲಗಿಸಿಬಿಡುತ್ತಾರೆ.

ಶಕ್ತಿ ಕಡಿಮೆಯಾಗಿರುವುದು ನಿಜ, ಆದರೆ ಕೆಲಸ ಕೆಟ್ಟದ್ದು ಕ್ರಮ ತಪ್ಪಿದ್ದರಿಂದ. ಏಳುವುದು ರೋಗಿಯ ಕೆಲಸ. ಜಾಗ ಸಿದ್ಧ ಮಾಡುವುದು, ಕಾಯುವುದು, ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಈ ಹಂಚಿಕೆ ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸಲೀಸು.

ಸ್ವಲ್ಪ ಹಿನ್ನೆಲೆ

ಈ ಸೀಮೆಗೆ ರೋಗಿಗಳ ಆರೈಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನವೊಂದು ಅನಾಥ ರೋಗಿಗಳಿಗೆ ಚಿಕಿತ್ಸೆ ಸಿಗುವ ತಾಣವೆಂದೂ ಬಣ್ಣಿಸುತ್ತದೆ. ಆದರೆ ಕಾಯಿಲೆಯವರು ಅಲುಗಾಡದೆ ಮಲಗಿರಬೇಕು ಎಂಬ ನಂಬಿಕೆ ಬಹುಕಾಲ ಎಲ್ಲ ಕಡೆಯೂ ಗಟ್ಟಿಯಾಗಿತ್ತು. ಬ್ರಿಟನ್ನಿನ ವೈದ್ಯ ರಿಚರ್ಡ್ ಆಷರ್ 1947ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ಪಟ್ಟಿ ಮಾಡಿ ಬರೆದರು. ಇಂದು ಹೆಚ್ಚಿನ ಆಪರೇಷನ್‌ಗಳ ನಂತರ ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ.

ಮಲಗಿದ್ದರೆ ಏನಾಗುತ್ತದೆ?

ಕೆಲಸವಿಲ್ಲದ ಮಾಂಸಖಂಡ ಬೇಗ ಕರಗುತ್ತದೆ. ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಯಿಲೆಯೇ ಇಲ್ಲದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದುದಕ್ಕೆ ಅವರ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋದಷ್ಟು ಇಳಿದಿತ್ತು. ಜ್ವರ, ಗಾಯ, ಊಟ ಸೇರದಿರುವುದು ಇದಕ್ಕೆ ಸೇರಿದರೆ ಇಳಿತ ಇನ್ನೂ ಬೇಗ. ಮಲಗಿದವರ ಶ್ವಾಸಕೋಶದ ತಳಭಾಗ ಪೂರ್ತಿ ಅರಳದೆ ಕಫ ಕಟ್ಟುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮಲ ಕಟ್ಟುತ್ತದೆ, ಸೊಂಟದ ಹಿಂಭಾಗದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ವಯಸ್ಸಾದವರಿಗೆ ಹಗಲು ರಾತ್ರಿಯ ಅರಿವು ತಪ್ಪಿ ಗೊಂದಲವಾಗುವುದೂ ಉಂಟು. ಹೀಗಾಗಿ "ನಾಳೆ ನೋಡೋಣ" ಎಂದು ಮುಂದೂಡಿದಷ್ಟೂ ನಾಳೆ ಏಳುವುದು ಇನ್ನಷ್ಟು ಕಷ್ಟವಾಗುತ್ತದೆ.

ಎದ್ದ ತಕ್ಷಣ ಕಣ್ಣು ಕತ್ತಲೆ ಏಕೆ?

ಮಲಗಿದ್ದವರು ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಯ ಕೆಳಭಾಗಕ್ಕೂ ಕಾಲುಗಳಿಗೂ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಗುರುತಿಸುವ ನರಗಳಿವೆ. ಅವು ಕೂಡಲೇ ಸುದ್ದಿ ಮುಟ್ಟಿಸಿ, ಹೃದಯದ ಬಡಿತ ಹೆಚ್ಚಿಸಿ, ಕಾಲಿನ ರಕ್ತನಾಳ ಬಿಗಿಗೊಳಿಸಿ ಮಿದುಳಿಗೆ ರಕ್ತ ಕಡಿಮೆಯಾಗದಂತೆ ಕಾಯುತ್ತವೆ. ಕೆಲವು ದಿನ ಮಲಗಿದ್ದವರಲ್ಲಿ ಈ ಏರ್ಪಾಡು ನಿಧಾನವಾಗಿರುತ್ತದೆ. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡವರು, ರಕ್ತ ಕಡಿಮೆಯಿರುವವರು, ಬಹುಕಾಲದ ಸಕ್ಕರೆ ಕಾಯಿಲೆಯವರು, ಬಿಪಿ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಎಚ್ಚರದಿಂದಿರಬೇಕು. ಎದ್ದು 3 ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಅಥವಾ ಕೆಳಗಿನದು 10 ಅಂಕ ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಇದಕ್ಕೆ ಮದ್ದು ಸುಲಭ. ಮಲಗಿದಲ್ಲಿಂದ ಕೂರುವುದು, ಕೂತಲ್ಲಿಂದ ನಿಲ್ಲುವುದು, ನಿಂತಲ್ಲಿಂದ ಹೆಜ್ಜೆ ಇಡುವುದು. ಈ ಒಂದೊಂದರ ನಡುವೆಯೂ ದೇಹ ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಡಬೇಕು.

ನಿಲ್ಲುವುದರ ಗುಟ್ಟು

ನೀವೇ ಒಂದು ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು, ಪಾದಗಳನ್ನು ಮುಂದೆ ಚಾಚಿ ಕೂತು, ಹಾಗೆಯೇ ಏಳಲು ನೋಡಿ. ಆಗುವುದಿಲ್ಲ. ಈಗ ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ. ಪೃಷ್ಠ ತಾನಾಗಿ ಹಗುರವಾಗುತ್ತದೆ. ದೇಹದ ಭಾರ ಪಾದಗಳ ಮೇಲೆ ಬಂದ ಮೇಲಷ್ಟೇ ಕಾಲು ಅದನ್ನು ಎತ್ತಬಲ್ಲದು.

ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದಾಗ ರೋಗಿ ಮುಂದಕ್ಕೆ ಬಾಗಲಾರರು. ಭಾರ ಹಿಂದೆಯೇ ಉಳಿಯುತ್ತದೆ, ಪಾದ ಜಾರುತ್ತದೆ, ಪೂರ್ತಿ ಭಾರ ನಿಮ್ಮ ಬೆನ್ನಿಗೆ ಬೀಳುತ್ತದೆ. ಕಂಕುಳಿನಲ್ಲಿ ಹಾದುಹೋಗುವ ನರಗಳಿಗೂ ಭುಜದ ಕೀಲಿಗೂ ಪೆಟ್ಟಾಗಬಹುದು. ಎಬ್ಬಿಸುವವರ ಸೊಂಟ ಹಿಡಿದುಕೊಳ್ಳುವುದೂ ಹೀಗೆಯೇ.

ಎಬ್ಬಿಸುವ ಮೊದಲು ಸಿಸ್ಟರನ್ನು ಕೇಳಿ

1. ಇವತ್ತು ಎಬ್ಬಿಸಬಹುದೇ? ಕೂರಿಸಿದರೆ ಸಾಕೋ, ನಿಲ್ಲಿಸಬೇಕೋ, ನಡೆಸಬೇಕೋ?
2. ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಪೂರ್ತಿಯೇ, ಅರ್ಧವೇ, ನೆಲಕ್ಕೆ ತಾಗಿಸುವಷ್ಟು ಮಾತ್ರವೇ, ಏನೂ ಬೇಡವೇ?
3. ಒಬ್ಬರು ಸಾಕೇ, ಇಬ್ಬರು ಬೇಕೇ?
4. ಮೊದಲ ಸಲ ನೀವು ಬಂದು ನಿಲ್ಲುತ್ತೀರಾ? ಎದ್ದ ಮೇಲೆ ಬಿಪಿ ನೋಡುತ್ತೀರಾ?
5. ಡ್ರಿಪ್, ಮೂತ್ರದ ಚೀಲ, ಆಕ್ಸಿಜನ್ ಇದ್ದರೆ ಏನು ಮಾಡಬೇಕು?

ಫಿಸಿಯೋಥೆರಪಿಸ್ಟ್ ಸಿಗುವ ಆಸ್ಪತ್ರೆಯಾದರೆ ಮೊದಲ ಸಲ ಅವರ ಕೈಯಲ್ಲೇ ಎಬ್ಬಿಸಿ. ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿ ಅವರಲ್ಲಿದ್ದರೆ ಅದನ್ನು ಹಿಡಿಯುವ ಕ್ರಮವನ್ನೂ ಕಲಿಯಿರಿ. ಟವೆಲ್ಲು, ದುಪಟ್ಟಾ ಕಟ್ಟಿ ಎಳೆಯಬೇಡಿ. ಗಂಟು ಜಾರುತ್ತದೆ, ಬಟ್ಟೆ ಹೊಟ್ಟೆಗೆ ಒತ್ತುತ್ತದೆ.

ಇವರನ್ನು ಎಬ್ಬಿಸಬೇಡಿ

ವೈದ್ಯರು ಸ್ಪಷ್ಟವಾಗಿ ಹೇಳುವವರೆಗೆ ಈ ಕೆಳಗಿನವರು ಹಾಸಿಗೆಯಲ್ಲೇ ಇರಲಿ.

- ಅಡಿಕೆ ಮರದಿಂದಲೋ ಮಾಡಿನಿಂದಲೋ ಬಿದ್ದವರು. ಬೆನ್ನುಮೂಳೆ, ಕುತ್ತಿಗೆ ಸರಿಯಿದೆಯೆಂದು ಗೊತ್ತಾಗುವ ಮೊದಲು ಕೂರಿಸಿದರೂ ಬೆನ್ನುಹುರಿಗೆ ಪೆಟ್ಟಾಗಬಹುದು. ಕೊನೆ ಕೊಯ್ಲಿನ ದಿನಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳವರು ಮುಖ್ಯವಾಗಿ ನೆನಪಿಡಬೇಕಾದ ಮಾತಿದು.
- ಹಾವು ಕಚ್ಚಿ ಚಿಕಿತ್ಸೆಯಲ್ಲಿರುವವರು.
- ಬೆನ್ನಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಆದವರು. ಎರಡೂ ಕಾಲಿಗೆ ಸ್ಪರ್ಶ ಮತ್ತು ಬಲ ಮರಳಿದೆಯೆಂದು ಸಿಸ್ಟರ್ ನೋಡಿಯೇ ಹೇಳಬೇಕು.
- ಎದೆನೋವು, ಹೊಸದಾಗಿ ಶುರುವಾದ ಉಬ್ಬಸ, ವಿಪರೀತ ಜ್ವರ, ರಕ್ತಸ್ರಾವ ಇರುವವರು.
- ಒಂದೇ ಮೀನಖಂಡ ಊದಿ, ಕೆಂಪಾಗಿ ನೋಯುತ್ತಿರುವವರು. ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ಉಜ್ಜಬೇಡಿ, ವೈದ್ಯರಿಗೆ ತಿಳಿಸಿ.

ಸಿದ್ಧತೆ

ನೆಲ ನೋಡಿ. ಫಿನಾಯಿಲ್ ಹಾಕಿ ಒರೆಸಿದ್ದರೆ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಕಾರಿಡಾರಿನಲ್ಲಿ ಕೊಡೆ, ಒದ್ದೆ ಚಪ್ಪಲಿಗಳಿಂದ ನೀರು ನಿಂತಿರುತ್ತದೆ. ಮಂಚದ ಕೆಳಗಿನ ಬ್ಯಾಗು, ಫ್ಲಾಸ್ಕು, ನೀವು ರಾತ್ರಿ ಮಲಗಿದ್ದ ಚಾಪೆ, ಚಾರ್ಜರಿನ ವೈರು ದಾರಿಯಿಂದ ತೆಗೆಯಿರಿ. ಗಟ್ಟಿಯಾದ, ಕೈಯಿರುವ ಕುರ್ಚಿಯೊಂದನ್ನು ಮೂರು ನಾಲ್ಕು ಹೆಜ್ಜೆ ದೂರದಲ್ಲಿಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಬೇರೆ ಗತಿಯಿಲ್ಲವೆಂದರೆ ಗೋಡೆಗೆ ಒತ್ತಿ ಇಡಿ. ಚಕ್ರವಿರುವ ಮಂಚ, ವೀಲ್‌ಚೇರ್ ಇದ್ದರೆ ಬ್ರೇಕ್ ಹಾಕಿ, ಕೈಯಿಂದ ತಳ್ಳಿ ಪರೀಕ್ಷಿಸಿ.

ಕಾಲಿಗೆ ಹಿಂಪಟ್ಟಿಯಿರುವ, ತಳ ಜಾರದ ಚಪ್ಪಲಿ ಬೇಕು. ಸವೆದ ಹವಾಯಿ ಚಪ್ಪಲಿ, ಬರೀ ಸಾಕ್ಸ್ ಎರಡೂ ಜಾರುತ್ತವೆ. ಸರಿಯಾದ ಚಪ್ಪಲಿ ಇಲ್ಲದಿದ್ದರೆ ಒಣನೆಲದಲ್ಲಿ ಬರಿಗಾಲೇ ವಾಸಿ, ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬರಿಗಾಲು ಬೇಡ. ಪಂಚೆಯನ್ನು ಮೇಲಕ್ಕೆ ಕಟ್ಟಿಸಿ. ನೈಟಿ, ಸೀರೆ ಹಿಮ್ಮಡಿಗೆ ಸಿಗದಷ್ಟು ಮೇಲಿರಲಿ. ಕನ್ನಡಕ, ಕಿವಿಯ ಮಿಷನ್ ಹಾಕಿಸಿ.

ಸಕ್ಕರೆ ಕಾಯಿಲೆಯವರನ್ನು ಖಾಲಿ ಹೊಟ್ಟೆಯಲ್ಲಿ ಎಬ್ಬಿಸಬೇಡಿ. ನೋವಿನ ಔಷಧ ಕೊಟ್ಟಿದ್ದರೆ ಅದು ಹಿಡಿಯುವ ಹೊತ್ತಿಗೆ ಎಬ್ಬಿಸುವುದು ಒಳ್ಳೆಯದು, ಆದರೆ ಮಂಪರು ಬರಿಸುವ ಔಷಧವೋ ಎಂದು ಕೇಳಿಕೊಳ್ಳಿ. ಮೂತ್ರದ ಚೀಲ ತುಂಬಿದ್ದರೆ ಸಿಸ್ಟರಿಗೆ ಹೇಳಿ ಖಾಲಿ ಮಾಡಿಸಿ.

ಎಬ್ಬಿಸುವ ಕ್ರಮ

1. ಮೊದಲು ಮಾತು. "ಅಪ್ಪಾ, ಈಗ ನಿಧಾನಕ್ಕೆ ಕೂತ್ಕೊಳೋಣ. ಆಮೇಲೆ ನಿಲ್ಲೋಣ. ತಲೆ ಸುತ್ತಿದ್ರೆ ತಕ್ಷಣ ಹೇಳಿ" ಎಂದು ಏನೇನು ಮಾಡುವುದಿದೆ ಎಂದು ತಿಳಿಸಿ. ಹೆದರಿದವರ ಮೈ ಬಿಗಿಯುತ್ತದೆ, ಬಿಗಿದ ಮೈ ಹಿಂದಕ್ಕೆ ವಾಲುತ್ತದೆ.

2. ಮಲಗಿದ್ದಲ್ಲೇ ಕಾಲಾಟ. ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ, ಮಂಡಿ ಮಡಚಿ ಬಿಡಿಸಲಿ. ಮೀನಖಂಡ ಹಿಂಡಿದಂತಾಗಿ ರಕ್ತ ಮೇಲೇರುತ್ತದೆ.

3. ಪಕ್ಕಕ್ಕೆ ಹೊರಳಲಿ. ಮಂಡಿ ಮಡಚಿ, ನೀವಿರುವ ಕಡೆಗೆ ಮೈಯನ್ನು ಒಟ್ಟಿಗೆ ಹೊರಳಿಸಬೇಕು. ಅಂಗಾತ ಮಲಗಿದವರ ಕೈ ಹಿಡಿದು ನೇರವಾಗಿ ಎಳೆದು ಕೂರಿಸಬೇಡಿ.

4. ಕಾಲು ಕೆಳಗೆ, ಮೈ ಮೇಲೆ. ಕಾಲುಗಳನ್ನು ಮಂಚದ ಅಂಚಿನಿಂದ ಇಳಿಬಿಡುತ್ತಲೇ ಕೆಳಗಿನ ಮೊಣಕೈ, ಮೇಲಿನ ಅಂಗೈ ಒತ್ತಿ ಅವರು ಮೇಲೇಳಲಿ. ನಿಮ್ಮ ಒಂದು ಕೈ ಅವರ ಭುಜದ ಹಿಂದೆ, ಇನ್ನೊಂದು ಮಂಡಿಗಳ ಹತ್ತಿರ.

5. ಕೂತು ಕಾಯಿರಿ. ಒಂದೆರಡು ನಿಮಿಷ ಎದುರಿಗೇ ನಿಂತಿರಿ. ನಾಲ್ಕು ಸಲ ದೀರ್ಘ ಉಸಿರು, ಮತ್ತೆ ಪಾದಗಳ ಆಟ. ಬೆವರು, ಮುಖ ಬಿಳಿಚುವುದು, ವಾಕರಿಕೆ, ತೊದಲು ಮಾತು ಕಂಡರೆ ಮಲಗಿಸಿ ಸಿಸ್ಟರನ್ನು ಕರೆಯಿರಿ. ಇವತ್ತಿಗೆ ಕೂತದ್ದೇ ಸಾಧನೆ ಎಂದುಕೊಳ್ಳಿ.

6. ಅಂಚಿಗೆ ಬರಲಿ. ಒಂದು ಸಲ ಬಲ ಪೃಷ್ಠ, ಒಂದು ಸಲ ಎಡ ಪೃಷ್ಠ ಸರಿಸುತ್ತ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗುವಷ್ಟು ಮುಂದೆ ಬರಬೇಕು. ಮಂಚ ಎತ್ತರವಾಗಿ ಪಾದ ತಾಗದಿದ್ದರೆ ಜಾರಿಸಿ ಇಳಿಸಬೇಡಿ. ತಗ್ಗಿಸಬಹುದಾದ ಮಂಚವಾದರೆ ತಗ್ಗಿಸಿ, ಇಲ್ಲದಿದ್ದರೆ ಸಿಸ್ಟರ್ ಬರುವವರೆಗೆ ಕಾಯಿರಿ.

7. ಪಾದ ಹಿಂದೆ, ಅಗಲವಾಗಿ. ಪಾದಗಳ ನಡುವೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರವಿರಲಿ. ಆಪರೇಷನ್ ಆದ ಅಥವಾ ನೋಯುವ ಕಾಲು ಸ್ವಲ್ಪ ಮುಂದಿರಲಿ.

8. ನಿಮ್ಮ ಜಾಗ. ಬಲಹೀನ ಪಕ್ಕದಲ್ಲಿ ನಿಂತು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಡಿ. ನಿಮ್ಮ ಮಂಡಿ ಬಾಗಿರಲಿ, ಬೆನ್ನು ನೆಟ್ಟಗಿರಲಿ. ಒಂದು ಕೈ ಅವರ ಸೊಂಟದ ಹಿಂದಿನಿಂದ ಆಚೆ ಪಕ್ಕಕ್ಕೆ, ಇನ್ನೊಂದು ಭುಜದ ಮುಂಭಾಗಕ್ಕೆ. ಮಂಡಿ ಕುಸಿಯುವ ಭಯವಿದ್ದರೆ ನಿಮ್ಮ ಮಂಡಿಯನ್ನು ಅವರ ಮಂಡಿಗೆ ಆನಿಸಿ ಹಿಡಿಯಿರಿ.

9. ಅವರ ಕೈ ಹಾಸಿಗೆಯ ಮೇಲೆ. ಅಂಗೈಗಳಿಂದ ಹಾಸಿಗೆಯನ್ನು ಕೆಳಕ್ಕೆ ಒತ್ತಿ ಏಳಬೇಕು. ನಿಮ್ಮ ಕುತ್ತಿಗೆಗೆ ಜೋತುಬೀಳಲು ಬಿಡಬೇಡಿ. ವಾಕರ್ ಹಿಡಿದೆಳೆದು ಏಳುವುದೂ ಬೇಡ, ಅದು ಮಗುಚುತ್ತದೆ.

10. "ಮುಂದಕ್ಕೆ ಬಾಗಿ... ಒಂದು, ಎರಡು, ಮೂರು, ಏಳಿ." ಎಣಿಕೆ ಅವರೂ ಜೋರಾಗಿ ಹೇಳಲಿ. ಹೇಳುವಾಗ ಉಸಿರು ಬಿಗಿಹಿಡಿಯುವುದು ತಪ್ಪುತ್ತದೆ. ಸೊಂಟದ ಹಿಂದಿನ ನಿಮ್ಮ ಕೈ ಮುಂದಕ್ಕೆ ದಾರಿ ತೋರಿಸಿದರೆ ಸಾಕು, ಮೇಲಕ್ಕೆ ಎಳೆಯುವುದು ಬೇಡ. ಒಮ್ಮೆಗೆ ಆಗದಿದ್ದರೆ ಕೂತು ದಣಿವಾರಿಸಿಕೊಂಡು ಇನ್ನೊಮ್ಮೆ ನೋಡಿ. ಮೂರನೆಯ ಸಲವೂ ಆಗದಿದ್ದರೆ ಇನ್ನೊಬ್ಬರ ನೆರವು ಬೇಕೆಂದೇ ಅರ್ಥ.

11. ನಿಂತು ಮತ್ತೆ ಕಾಯಿರಿ. ಮಂಚ ಹಿಂದೆಯೇ ಇರುವಾಗ ನಿಂತಲ್ಲೇ ಭಾರವನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ಬದಲಿಸಲಿ. (ಒಂದು ಕಾಲಿಗೆ ಭಾರ ಬೇಡವೆಂದಿದ್ದರೆ ಇದನ್ನು ಬಿಡಿ.) ತಲೆ ಸುತ್ತುತ್ತಿದೆ ಎನ್ನಿಸಿದರೆ ಕೂರಿಸಿ. ಸರಿಯಿದ್ದರೆ ಮಾತ್ರ ಮೊದಲ ಹೆಜ್ಜೆ.

ನಡೆಸುವಾಗ

ಮೊದಲ ದಿನ ಕುರ್ಚಿಯವರೆಗೆ ಹೋದರೆ ಬೇಕಾದಷ್ಟಾಯಿತು. ಒಮ್ಮೆ ದೂರ ನಡೆಸಿ ಸುಸ್ತು ಮಾಡುವುದಕ್ಕಿಂತ ದಿನಕ್ಕೆ ಮೂರು ನಾಲ್ಕು ಸಲ ಚಿಕ್ಕ ನಡಿಗೆ ಹೆಚ್ಚು ಫಲ ಕೊಡುತ್ತದೆ. ಅರ್ಧ ಶಕ್ತಿ ವಾಪಸು ಬರಲು ಬೇಕೆಂಬುದನ್ನು ಮರೆಯಬೇಡಿ. ಮೊದಮೊದಲು ಇನ್ನೊಬ್ಬರು ಕುರ್ಚಿ ಹಿಡಿದು ಹಿಂದೆ ಬರಲಿ.

ಮುಂದೆ ನಿಂತು ಎರಡೂ ಕೈ ಹಿಡಿದು ಮಗುವನ್ನು ನಡೆಸಿದಂತೆ ನಡೆಸಬೇಡಿ. ನೀವು ಹಿಂದಕ್ಕೆ ನಡೆಯುತ್ತಿರುತ್ತೀರಿ, ದಾರಿ ನಿಮಗೆ ಕಾಣುವುದಿಲ್ಲ. ಬಲಹೀನ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಿ. ಅವರು ಪಾದವನ್ನೇ ನೋಡದೆ ಕೆಲವು ಮಾರು ಮುಂದೆ ನೋಡಲಿ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಸದೆ ಪುಟ್ಟ ಹೆಜ್ಜೆಗಳಲ್ಲಿ ಅಗಲವಾಗಿ ಸುತ್ತಿಸಿ. ನಡಿಗೆಗೇ ಪೂರ್ತಿ ಗಮನ ಬೇಕಾದವರ ಹತ್ತಿರ ಆಗ ಮನೆಯ ಸುದ್ದಿ ತೆಗೆಯಬೇಡಿ, ಫೋನು ಕಿವಿಗೆ ಕೊಡಬೇಡಿ.

ಮೂತ್ರದ ಚೀಲ ಯಾವಾಗಲೂ ಕಿಬ್ಬೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮೇಲೆ ಹಿಡಿದರೆ ಮೂತ್ರ ಹಿಂದಕ್ಕೆ ಹೋಗಿ ಸೋಂಕಾಗುತ್ತದೆ. ಡ್ರಿಪ್ ಬಾಟಲಿ ಎತ್ತರದಲ್ಲೇ ಇರಲಿ. ಡ್ರಿಪ್ ಸ್ಟ್ಯಾಂಡು ಊರುಗೋಲಲ್ಲ, ಅದಕ್ಕೆ ಭಾರ ಹಾಕಿದರೆ ಉರುಳುತ್ತದೆ.

ಕೂರುವಾಗ ಹೆಚ್ಚು ಜನ ಎಡವುತ್ತಾರೆ. ಕುರ್ಚಿ ಕಂಡೊಡನೆ "ಸಾಕಪ್ಪಾ" ಎಂದು ಕುಸಿಯುತ್ತಾರೆ. ಎರಡೂ ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಬೇಕು, ಕೈ ಹಿಂದೆ ಚಾಚಿ ಕುರ್ಚಿಯ ಕೈ ಹಿಡಿಯಬೇಕು, ಆಮೇಲೆ ಮುಂದಕ್ಕೆ ಬಾಗಿ ನಿಧಾನವಾಗಿ ಕೂರಬೇಕು.

ವಾಕರ್, ಕೋಲು, ಮೆಟ್ಟಿಲು

ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ಆಗ ಹಿಡಿದಾಗ ಮೊಣಕೈ ತುಸು ಬಾಗಿರುತ್ತದೆ. ಬುಡದ ರಬ್ಬರ್ ಸವೆದಿದ್ದರೆ ಬದಲಿಸಿ.

- ವಾಕರ್: ಮೊದಲು ವಾಕರ್, ಆಮೇಲೆ ನೋಯುವ ಕಾಲು, ಕೊನೆಗೆ ಗಟ್ಟಿ ಕಾಲು. ನಾಲ್ಕೂ ಬುಡ ನೆಲಕ್ಕೆ ಊರಿದ ಮೇಲೆಯೇ ಕಾಲು ಎತ್ತಬೇಕು.
- ಕೋಲು: ನೋಯುವ ಕಾಲಿನ ಎದುರು ಪಕ್ಕದ ಕೈಯಲ್ಲಿರಬೇಕು. ಎಡಗಾಲು ನೋವಾದರೆ ಕೋಲು ಬಲಗೈಯಲ್ಲಿ. ಕೋಲೂ ನೋಯುವ ಕಾಲೂ ಒಟ್ಟಿಗೆ ಮುಂದೆ ಹೋಗುತ್ತವೆ, ಆಗ ಆ ಸೊಂಟದ ಕೀಲಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ.
- ಮೆಟ್ಟಿಲು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ವಾಕರ್ ಹಿಡಿದು ಮೆಟ್ಟಿಲು ಹತ್ತಿಸಬೇಡಿ. ಹತ್ತುವಾಗ ನೀವು ಹಿಂದೆ, ಇಳಿಯುವಾಗ ಮುಂದೆ, ಅಂದರೆ ಯಾವಾಗಲೂ ಕೆಳಗಿನ ಮೆಟ್ಟಿಲಲ್ಲಿರಿ.

ಕಾಯಿಲೆಗೆ ತಕ್ಕ ಎಚ್ಚರ

*ಲಕ್ವ ಹೊಡೆದವರು.* ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯಲೇಬೇಡಿ. ಮಾಂಸಖಂಡದ ಹಿಡಿತ ಸಡಿಲವಾಗಿರುವ ಭುಜದ ಕೀಲು ಇಳಿದುಬಿಡುತ್ತದೆ, ಮುಂದೆ ತಿಂಗಳುಗಟ್ಟಲೆ ನೋವು. ಕುರ್ಚಿಗೆ ವರ್ಗಾಯಿಸುವಾಗ ಕುರ್ಚಿಯನ್ನು ಅವರ ಗಟ್ಟಿ ಪಕ್ಕದಲ್ಲಿಡಿ. ಕೆಲವರಿಗೆ ಒಂದು ಪಕ್ಕದ ಅರಿವೇ ಇರುವುದಿಲ್ಲ, ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಆ ಪಕ್ಕದಲ್ಲಿ ನೀವಿರಿ.

*ಸೊಂಟದ ಮೂಳೆ ಆಪರೇಷನ್.* ರಾಡ್ ಹಾಕಿದ್ದಾರೋ, ಕೀಲು ಬದಲಿಸಿದ್ದಾರೋ ಕೇಳಿ ತಿಳಿದುಕೊಳ್ಳಿ, ನಿಯಮಗಳು ಬೇರೆ ಬೇರೆ. ಕೀಲು ಬದಲಿಸಿದವರಿಗೆ ಸಾಮಾನ್ಯವಾಗಿ ಚಕ್ಕಂಬಟ್ಟಲು ಹಾಕುವುದು, ಕಾಲ ಮೇಲೆ ಕಾಲು ಹಾಕುವುದು, ನೆಲದ ಮೇಲೆ ಕೂರುವುದು, ತಗ್ಗಿನ ಕುರ್ಚಿ, ಭಾರತೀಯ ಶೈಲಿಯ ಕಕ್ಕಸು ಎಲ್ಲವೂ ನಿಷಿದ್ಧ. ಕೀಲು ಜಾರುವ ಅಪಾಯವಿದೆ.

*ಹೊಟ್ಟೆಯ ಆಪರೇಷನ್, ಸಿಸೇರಿಯನ್.* ಪಕ್ಕಕ್ಕೆ ಹೊರಳಿ ಏಳುವ ಕ್ರಮ ಇವರಿಗೆ ಕಡ್ಡಾಯ. ಕೆಮ್ಮುವಾಗ, ಏಳುವಾಗ ಹೊಲಿಗೆಯ ಮೇಲೆ ಪುಟ್ಟ ದಿಂಬನ್ನು ಒತ್ತಿ ಹಿಡಿದರೆ ನೋವು ಕಡಿಮೆ. ಬಾಣಂತಿ ಮೊದಲ ಸಲ ಎದ್ದಾಗ ಮಗುವನ್ನು ಬೇರೆಯವರು ಎತ್ತಿಕೊಂಡಿರಲಿ. ಅಮ್ಮ ನಿಂತಾಗ ಒಮ್ಮೆಗೇ ರಕ್ತ ಹೆಚ್ಚು ಹೋದರೆ ಸಿಸ್ಟರಿಗೆ ತಿಳಿಸಿ.

*ಮಂಗನ ಕಾಯಿಲೆ, ಡೆಂಗಿ.* ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ನಿಶ್ಶಕ್ತಿ ಉಳಿಯುವುದು ಈ ಕಾಯಿಲೆಯ ಗುಣ. "ಜ್ವರ ಹೋಯ್ತಲ್ಲ, ಎದ್ದು ಓಡಾಡಲಿ" ಎಂದು ಅವಸರಿಸಬೇಡಿ. ಕೆಲವರಿಗೆ ಮೂರನೆಯ ವಾರದ ಹೊತ್ತಿಗೆ ಜ್ವರ ಮರಳಿ ತಲೆನೋವು, ಕೈನಡುಕ, ದೃಷ್ಟಿ ಮಂಜಾಗುವುದು ಕಾಣಿಸಿಕೊಳ್ಳುತ್ತದೆ. ಆಗ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಕರೆತನ್ನಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿರುವಾಗ ಬಿದ್ದರೆ ಒಳಗೇ ರಕ್ತಸ್ರಾವವಾಗಬಹುದು. ವೈದ್ಯರು ಬಿಡುವವರೆಗೆ ಶೌಚಕ್ಕೂ ಒಬ್ಬರನ್ನೇ ಕಳಿಸಬೇಡಿ.

ರಾತ್ರಿಯ ಶೌಚ

ಜೊತೆಗಿರುವವರು ನಿದ್ದೆಹೋಗಿರುತ್ತಾರೆ. "ಪಾಪ, ಎಬ್ಬಿಸೋದು ಬೇಡ" ಎಂದುಕೊಂಡು ರೋಗಿ ಒಬ್ಬರೇ ಎದ್ದು ಹೊರಡುತ್ತಾರೆ. ಕತ್ತಲೆ, ಅವಸರ, ಒದ್ದೆ ನೆಲ ಮೂರೂ ಸೇರುವ ಹೊತ್ತದು. ಮಲಗುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ. ಮೂತ್ರ ಹಿಡಿಯುವ ಪಾತ್ರೆ ಕೈಗೆಟುಕುವಲ್ಲಿಡಿ. ಒಳಗೆ ಚಿಲಕ ಹಾಕಿಕೊಳ್ಳಬೇಡಿ, ನಾನು ಬಾಗಿಲಲ್ಲೇ ಇರುತ್ತೇನೆ ಎಂದು ಹೇಳಿ. ಗಂಡಸರೂ ಕೂತೇ ಮೂತ್ರ ಮಾಡಲಿ, ನಿಂತು ಮಾಡುವಾಗ ಬಿಪಿ ಇಳಿದು ಕುಸಿಯುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, "ಎಷ್ಟೊತ್ತಿಗಾದರೂ ಎಬ್ಬಿಸಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹಿರಿಯರು ಸಂಕೋಚಪಡುತ್ತಾರೆ.

ಬೀಳತೊಡಗಿದರೆ

ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋದರೆ ಇಬ್ಬರೂ ಬೀಳುತ್ತೀರಿ. ಒಂದು ಕಾಲು ಹಿಂದಿಟ್ಟು, ಅವರ ಸೊಂಟವನ್ನು ನಿಮ್ಮ ಮೈಗೆ ಒತ್ತಿಕೊಂಡು, ಮುಂದಿನ ತೊಡೆಯ ಮೇಲಿಂದ ನಿಧಾನವಾಗಿ ನೆಲಕ್ಕೆ ಜಾರಿಸಿ. ತಲೆ ಬಡಿಯದಂತೆ ಕಾಯುವುದೊಂದೇ ಆಗಿನ ಗುರಿ.

ಬಿದ್ದ ಮೇಲೆ ಗಡಿಬಿಡಿಯಲ್ಲಿ ಎತ್ತಬೇಡಿ. ಅಲ್ಲೇ ಮಲಗಿರಲಿ, ಸಿಸ್ಟರನ್ನು ಕೂಗಿ. ತಲೆಗೆ ಪೆಟ್ಟಾಗಿದೆಯೇ, ಕುತ್ತಿಗೆ ಅಥವಾ ಸೊಂಟ ನೋಯುತ್ತಿದೆಯೇ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆಯೇ ನೋಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಸಣ್ಣ ಪೆಟ್ಟಾದರೂ ವೈದ್ಯರಿಗೆ ಹೇಳಲೇಬೇಕು. "ಬೈತಾರೆ" ಎಂದು ಬಿದ್ದದ್ದನ್ನು ಮುಚ್ಚಿಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಕಂಕುಳಿಗೆ ಕೈಹಾಕಿ ಎತ್ತುವುದು.
- ನೋಡಲು ಬಂದ ನೆಂಟರೆಲ್ಲ ಒಟ್ಟಿಗೆ ಸೂಚನೆ ಕೊಡುವುದು. ಹೇಳುವವರು ಒಬ್ಬರೇ ಇರಲಿ.
- ಮಲಗಿದ್ದವರನ್ನು ಕೂರಿಸಿದ ಮರುಕ್ಷಣವೇ ನಿಲ್ಲಿಸುವುದು.
- ಪ್ರೀತಿಯಿಂದ ಎಲ್ಲವನ್ನೂ ನಾವೇ ಮಾಡಿಕೊಡುವುದು. ತಾವೇ ಹೊರಳಬಲ್ಲವರನ್ನು ಹೊರಳಿಸಿದರೆ ಅಷ್ಟು ವ್ಯಾಯಾಮ ಕಳೆದಂತೆ.
- ನಿನ್ನೆ ಚೆನ್ನಾಗಿ ನಡೆದರೆಂದು ಇವತ್ತು ಒಬ್ಬರನ್ನೇ ಬಿಡುವುದು. ಹೊಸ ಮಾತ್ರೆ, ರಾತ್ರಿಯ ಜ್ವರ, ಕೆಟ್ಟ ನಿದ್ದೆ ಏನೇ ಇದ್ದರೂ ಬಲ ಬದಲಾಗುತ್ತದೆ.

ಮನೆಗೆ ಹೊರಟಾಗ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ., ಸೊರಬದ ಹಳ್ಳಿಗಳಿಗೆ ಇನ್ನೂ ಹೆಚ್ಚು. ಕಾರಿನಲ್ಲಾದರೆ ಸೀಟಿಗೆ ಬೆನ್ನು ಮಾಡಿ ನಿಂತು, ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬೇಕು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಜಾಗ ಸಿಗುತ್ತದೆ. ದೂರದ ದಾರಿಯಲ್ಲಿ ಪಾದಗಳ ಆಟ ನಡೆಯುತ್ತಿರಲಿ. ಇಳಿದ ತಕ್ಷಣ ನಡೆಸದೆ ಬಾಗಿಲು ಹಿಡಿದು ಒಂದು ನಿಮಿಷ ನಿಲ್ಲಿಸಿ.

ಮಲೆನಾಡಿನ ಮನೆಗೆ ಅದರದೇ ತೊಡಕುಗಳಿವೆ. ಅಂಗಳದ ಪಾಚಿಯನ್ನು ರೋಗಿ ಬರುವ ಮೊದಲೇ ಉಜ್ಜಿಸಿ. ಎತ್ತರದ ಹೊಸ್ತಿಲು ದಾಟುವಾಗ ವಾಕರಿನ ನಾಲ್ಕೂ ಬುಡ ಆಚೆ ಗಟ್ಟಿಯಾಗಿ ಊರಿರಬೇಕು. ನುಣುಪಾದ ಗಾರೆ ನೆಲದಲ್ಲಿ ಚಾಪೆ, ಕಾಲೊರಸು ಬೇಡ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ದೀಪವಿರಲಿ, ಗೋಡೆಗೆ ಹಿಡಿಕಂಬಿ ಹಾಕಿಸಿ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ. ಕಕ್ಕಸಿಗೆ ನಾಲ್ಕು ಕಾಲಿನ ಕಮೋಡ್ ಕುರ್ಚಿ ತರಿಸಿ. ತೋಟಕ್ಕೆ ಹೋಗುವ ಕಾಲುಸಂಕದ ಆಸೆ ಕೆಲವು ತಿಂಗಳು ಬಿಡಬೇಕು.

ಮನೆಯಲ್ಲಿ ಒಂದೇ ಲೆಕ್ಕ ಇಟ್ಟುಕೊಳ್ಳಿ: ಎಬ್ಬಿಸಲು ಇವತ್ತು ಎಷ್ಟು ನೆರವು ಬೇಕಾಯಿತು? ವಾರದಿಂದ ವಾರಕ್ಕೆ ಅದು ಕಡಿಮೆಯಾಗುತ್ತಿರಬೇಕು. ಹೆಚ್ಚಾಗುತ್ತಿದ್ದರೆ ಸೋಮಾರಿತನವೆಂದು ಗದರಬೇಡಿ, ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಬಾಯಿ ಸೊಟ್ಟಗಾದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆಮಾಡಿ.

ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲು ಇನ್ನೊಂದು ಕೆಲಸ ಬಾಕಿಯಿದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ, ಸೊಸೆಯಾಗಲಿ ಮೊಮ್ಮಗನಾಗಲಿ, ಸಿಸ್ಟರ್ ಎದುರಿಗೆ ರೋಗಿಯನ್ನು ಒಮ್ಮೆ ಎಬ್ಬಿಸಿ, ಹತ್ತು ಹೆಜ್ಜೆ ನಡೆಸಿ, ಕೂರಿಸಿ ತೋರಿಸಲಿ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ.